ಮೆಸ್ಸೂಟ ಮತ್ತು ಕೆಂಪು ಚೀಲ

ಶೆಟ್ಟಿ: ಅಲ್ಲಾ ಮಾಲಿನಿ, ಇಡೀ ದಿನ ಕೋರ್ಟಲ್ಲಿ ಹರಿಹಾಯ್ದ ಇಬ್ಬರು ಬ್ಯಾರಿಸ್ಟರುಗಳು ಸಂಜೆ ಒಂದೇ ಮೇಜಲ್ಲಿ ಊಟಕ್ಕೆ ಕೂತ್ರೆ ಕಕ್ಷಿದಾರನಿಗೆ ಹೊಟ್ಟೆ ಉರಿಯಲ್ವಾ?

ಮಾಲಿನಿ: ಉರಿಯುತ್ತೆ. ಆದ್ರೆ ಅವರು ಕೂರದಿದ್ರೆ ನಷ್ಟ ಅವನಿಗೇ. ಇಂಗ್ಲೆಂಡು, ವೇಲ್ಸ್ ಸೇರಿ ಬ್ಯಾರಿಸ್ಟರುಗಳಿಗೆ ಆರು ಸರ್ಕಿಟ್, ಅಂದ್ರೆ ಅವರು ಕೇಸು ನಡೆಸೋ ಸೀಮೆಗಳು. ನಾರ್ದರ್ನ್ ಸರ್ಕಿಟ್ ಅಂದ್ರೆ ಮ್ಯಾಂಚೆಸ್ಟರ್, ಲಿವರ್‌ಪೂಲ್, ಪ್ರೆಸ್ಟನ್, ಕಾರ್ಲೈಲ್ ಸೀಮೆ. ಅಲ್ಲಿ ತಿರುತಿರುಗಿ ಅವೇ ಮುಖಗಳು: ಇವತ್ತು ಎದುರಾಳಿ, ಮುಂದಿನ ವಾರ ಜೊತೆಗಾರ. ಗೌನು ಹಾಕಿಕೊಳ್ಳೋ ಕೋಣೆಯಲ್ಲಿ 'ಆ ಸಾಕ್ಷಿ ಬಗ್ಗೆ ನಮ್ಮದೇನೂ ತಕರಾರಿಲ್ಲ' ಅಂತ ಬಾಯಲ್ಲಿ ಹೇಳಿದ್ರೆ ಅದು ನಡೀಬೇಕು. ಮಾತು ತಪ್ಪಿದವನ ಸುದ್ದಿ ಕೇಸು ಮುಗಿಯೋದ್ರೊಳಗೆ ಪ್ರೆಸ್ಟನ್ ಮುಟ್ಟಿರುತ್ತೆ.

ರಾಯರು: ಮೊದಲು ಜಡ್ಜುಗಳು ಊರೂರು ಸುತ್ತಿ ಅಸೈಜ್ ಕೋರ್ಟು ನಡೆಸ್ತಿದ್ರು, ಹಿಂದೆ ಬ್ಯಾರಿಸ್ಟರುಗಳ ದಂಡು. ಪರಊರಲ್ಲಿ ರಾತ್ರಿ ಊಟಕ್ಕೆ ಒಟ್ಟಿಗೆ ಕೂತದ್ದೇ ಮೆಸ್. 1972ರ ಜನವರಿ 1ರಿಂದ ಅಸೈಜ್ ಹೋಗಿ ಕ್ರೌನ್ ಕೋರ್ಟ್ ಬಂತು. ಊಟ ಮಾತ್ರ ನಿಲ್ಲಲಿಲ್ಲ.

ಶೆಟ್ಟಿ: ಊಟ ನಿಲ್ಲಿಸೋ ಕಾನೂನು ಯಾವ ಪಾರ್ಲಿಮೆಂಟೂ ಮಾಡಲ್ಲ ಬಿಡಿ. ಮೆಸ್ಸೊಳಗೆ ಹೋದ ಹೊಸಬ ಮೊದಲು ಏನ್ಮಾಡ್ಬೇಕು? ಎಲ್ಲರ ಕೈ ಕುಲುಕಬೇಕಾ?

ಮಾಲಿನಿ: ಅದೊಂದೇ ಮಾಡಬಾರದು! ಬ್ಯಾರಿಸ್ಟರು ಬ್ಯಾರಿಸ್ಟರಿಗೆ ಕೈ ಕೊಡಲ್ಲ, ಅದು ಹಳೇ ರೂಢಿ. ಕೈಯಲ್ಲಿ ಕತ್ತಿ ಇಲ್ಲ ಅಂತ ತೋರಿಸೋಕೆ ಕೈ ಕೊಡೋದು, ನಮ್ಮವರ ಮೇಲೆ ಆ ಅನುಮಾನವೇ ಇಲ್ಲ ಅಂತ ಅದಕ್ಕೊಂದು ವಿವರಣೆ. ಇನ್ನು ಊಟ ಮುಗಿದ ಮೇಲೆ ಪೋರ್ಟ್ ವೈನ್ ಬಂದ್ರೆ ಎಡಕ್ಕೇ ದಾಟಿಸಬೇಕು. ಯಾರಾದ್ರೂ ಬಾಟಲಿ ಹಿಡ್ಕೊಂಡು ಕೂತುಬಿಟ್ರೆ 'ನಾರ್ವಿಚ್‌ನ ಬಿಷಪ್ ನಿಮಗೆ ಗೊತ್ತಾ?' ಅಂತ ಕೇಳ್ತಾರೆ.

ಗೌಡ್ರು: ಗೊತ್ತಿಲ್ಲ ಅಂದ್ರೆ?

ಮಾಲಿನಿ: 'ತುಂಬಾ ಒಳ್ಳೆಯವರು, ಆದ್ರೆ ಬಾಟಲಿ ಮುಂದಕ್ಕೆ ಕೊಡೋದು ಮರೀತಾರೆ' ಅಂತಾರೆ. ಆಗಲೂ ಅರ್ಥವಾಗದವನು ಸಾಕ್ಷಿಯ ಮನಸ್ಸನ್ನೇನು ಓದಿಯಾನು!

ಶೆಟ್ಟಿ: ಕುಡಿಯದವನ ಗತಿ?

ರಾಯರು: ಅವನಿಗೇ ಬೇಡಿಕೆ ಕಣ್ರೀ. ಲಂಡನ್ನಿನ ಇನ್‌ಗಳಲ್ಲಿ, ಅಂದ್ರೆ ಬ್ಯಾರಿಸ್ಟರುಗಳನ್ನ ತಯಾರು ಮಾಡೋ ಹಳೇ ಸಂಘಗಳಲ್ಲಿ, ಓದೋ ಕಾಲಕ್ಕೇ ಇಷ್ಟು ಊಟಕ್ಕೆ ಹಾಜರಾಗಬೇಕು ಅನ್ನೋ ನಿಯಮ ಇತ್ತು. ಗಾಂಧೀಜಿ ಇನ್ನರ್ ಟೆಂಪಲ್ ಅನ್ನೋ ಇನ್‌ನಲ್ಲಿ ಓದಿ 1891ರಲ್ಲಿ ಬ್ಯಾರಿಸ್ಟರಾದವರು. ಆಗ ನಾಲ್ಕು ಜನರ ಗುಂಪಿಗೆ ಎರಡು ಬಾಟಲಿ ವೈನು. ಇವರು ಮುಟ್ಟಲ್ಲ, ಹಾಗಾಗಿ ಉಳಿದ ಮೂವರಿಗೆ ಹಬ್ಬ. ಎಲ್ಲರೂ 'ನಮ್ಮ ಗುಂಪಿಗೆ ಬನ್ನಿ' ಅಂತ ಕರೆಯೋರೇ.

ಮಾಲಿನಿ: ನಗೋ ವಿಷಯವೇ, ಆದ್ರೆ ಪರಿಚಯವೆಲ್ಲ ರಾತ್ರಿ ಊಟದಲ್ಲೇ ಆದ್ರೆ ಮನೇಲಿ ಮಗು ಇರೋರು, ಗ್ಲಾಸು ಹಿಡಿಯದೋರು ತಪ್ಪಿಸಿಕೊಳ್ತಾರೆ. ಹೆಂಗಸರನ್ನಂತೂ ಈ ಮೆಸ್ಸುಗಳು ಎಷ್ಟೋ ಕಾಲ ಬಾಗಿಲಾಚೆಯೇ ನಿಲ್ಲಿಸಿದ್ವು. ರೋಸ್ ಹೈಲ್‌ಬ್ರನ್ ನಾರ್ದರ್ನ್ ಸರ್ಕಿಟ್‌ನ ಲೀಡರ್ ಆದದ್ದು 1973ರಲ್ಲಿ, ಆ ಪಟ್ಟಕ್ಕೆ ಬಂದ ಮೊದಲ ಹೆಂಗಸು. ನನ್ನ ಕೇಳಿದ್ರೆ ಮಧ್ಯಾಹ್ನದ ಊಟ ಇಟ್ಟು, ಎಳೆಯರನ್ನೆಲ್ಲ ಒಂದೇ ಮೂಲೆಗೆ ತಳ್ಳದೆ ಇಬ್ಬರು ಹಿರಿಯರ ಮಧ್ಯೆ ಒಬ್ಬ ಕಿರಿಯರಂತೆ ಕೂರಿಸಬೇಕು. ಮೂಲೆಯಲ್ಲಿ ಕೂತ ಎಳೆಯರು ಬರೀ ಸಂಬಳವಿಲ್ಲದ ಬಾಳಿನ ಗೋಳು ಹೇಳ್ಕೊಂಡು ಎದ್ದು ಹೋಗ್ತಾರೆ.

ಗೌಡ್ರು: ಸಂಬಳ ಇಲ್ವಾ?

ಮಾಲಿನಿ: ಹೆಚ್ಚಿನವರು ಸ್ವತಂತ್ರ ವೃತ್ತಿಯವರು. ಚೇಂಬರ್ಸ್‌ನಲ್ಲಿ ಬಾಡಿಗೆ, ಕ್ಲರ್ಕು ಹಂಚ್ಕೊಂಡ್ರೂ ಮೇಲೆ ಬಾಸ್ ಅಂತ ಯಾರೂ ಇಲ್ಲ. ಪ್ಯೂಪಿಲೇಜ್, ಅಂದ್ರೆ ಹಿರಿಯರ ಕೈಕೆಳಗಿನ ತರಬೇತಿ, 12 ತಿಂಗಳು. ಮೊದಲ ಆರು ತಿಂಗಳು ಹಿರಿಯರ ನೆರಳಾಗಿ ನೋಡೋದು, ಬರೆಯೋದು. ಆಮೇಲಿನ ಆರರಲ್ಲಿ ಸ್ವಂತ ಕೇಸು.

ರಾಯರು: ಹಿಂದೆ ಶಿಷ್ಯನೇ ಗುರುವಿಗೆ 100 ಗಿನಿ, ಅಂದ್ರೆ ಅಲ್ಲಿನ ಹಳೇ ಲೆಕ್ಕದ ಹಣ, ಕೊಡಬೇಕಿತ್ತು. ಈಗ ಶಿಷ್ಯನಿಗೇ ಕನಿಷ್ಠ ಇಷ್ಟು ಅಂತ ಕೊಡಬೇಕು.

ಮಾಲಿನಿ: ಕೇಸಿನ ಹಿಂದಿನ ರಾತ್ರಿ ಬಾಸ್ ಇಲ್ಲದವರು ಯಾರನ್ನ ಕೇಳ್ಬೇಕು? ಮೆಸ್ಸಲ್ಲಿ ಪಕ್ಕ ಕೂತಿದ್ದ ಹಿರಿಯರನ್ನ. ಫೋನ್ ಮಾಡೋಕೂ ಒಂದು ಕ್ರಮ ಇದೆ. ಆರೋಪ ಏನು, ವಿಚಾರಣೆ ಯಾವ ಹಂತ, ಎಲ್ಲಿ ಸಿಕ್ಕಿಬಿದ್ದಿದ್ದೀರಿ, ಅಷ್ಟೇ ಹೇಳಿ. ಕಕ್ಷಿದಾರನ ಹೆಸರು ಬೇಡ. ಆ ಹಿರಿಯರೇ ಎದುರು ಪಕ್ಷಕ್ಕಿದ್ದಾರಾ ಅಂತ ಮೊದಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಶತ್ರುವಿಗೇ ಯುದ್ಧದ ನಕ್ಷೆ ಓದಿ ಹೇಳಿದಂಗಾಗುತ್ತೆ.

ಗೌಡ್ರು: ವಾದ ಮಾಡೋದನ್ನ ಹೇಗೆ ಕಲಿಸ್ತಾರೆ?

ಮಾಲಿನಿ: ಹ್ಯಾಂಪೆಲ್ ವಿಧಾನ ಅಂತಿದೆ, ಆಸ್ಟ್ರೇಲಿಯಾದ ಜಡ್ಜ್ ಜಾರ್ಜ್ ಹ್ಯಾಂಪೆಲ್ ಅವರದ್ದು. ಶೆಟ್ಟಿಯೇ ಸಾಕ್ಷಿ. ಗೌಡ್ರೇ, ಪಾಟೀ ಸವಾಲು ಶುರು ಮಾಡಿ.

ಗೌಡ್ರು: ನೀವು ಅಂಗಡಿ ಮುಂದೆ ನಿಂತಿದ್ರಿ, ಕತ್ತಲಾಗಿತ್ತು, ಕನ್ನಡಕವೂ ಇರಲಿಲ್ಲ, ಅಲ್ವೇ?

ಶೆಟ್ಟಿ: ಇಲ್ಲ!

ಗೌಡ್ರು: ಯಾವುದು ಇಲ್ಲ?

ಶೆಟ್ಟಿ: ಅದನ್ನ ನಾನ್ಯಾಕೆ ಹೇಳ್ಲಿ?

ಮಾಲಿನಿ: ಸಿಕ್ತು ನೋಡಿ. ಈ ವಿಧಾನದಲ್ಲಿ ತಪ್ಪು ತಿದ್ದೋಕೆ ಆರು ಹೆಜ್ಜೆ. ಮೊದಲು ವಿಷಯ ಹೇಳೋದು: 'ಪ್ರಶ್ನೆಗೊಂದೇ ಸಂಗತಿ.' ಎರಡನೇದು, ಗೌಡ್ರು ಕೇಳಿದ್ದನ್ನ ಅಕ್ಷರಶಃ ಓದಿ ಒಪ್ಪಿಸೋದು. ನಮ್ಮ ಮಾತಲ್ಲಿ ಹೇಳಿದ್ರೆ 'ನಾನ್ ಹಂಗಂದಿಲ್ಲ' ಅಂತ ಜಗಳ ಶುರು, ಹಾಗಾಗಿ ಕಲಿಸೋರು ಕೇಳ್ತಾ ಕೇಳ್ತಾ ಬರ್ಕೋಬೇಕು. ಮೂರು, ಯಾಕೆ ತಪ್ಪು: ಮೂರು ಸಂಗತಿ ಕಟ್ಟಿದ್ರಿಂದ ಸಾಕ್ಷಿ ಒಂದನ್ನ ಹಿಡ್ಕೊಂಡು ಮೂರನ್ನೂ ಅಲ್ಲಗಳೆದ. ನಾಲ್ಕು, ಮದ್ದು: ಬಿಡಿಸಿ ಕೇಳಿ. ಐದು, ಕಲಿಸೋರೇ ಮಾಡಿ ತೋರಿಸೋದು. ಶೆಟ್ಟೀ, ಅಂಗಡಿ ಮುಂದೆ ನಿಂತಿದ್ರಿ?

ಶೆಟ್ಟಿ: ಹೌದು.

ಮಾಲಿನಿ: ಕತ್ತಲಾಗಿತ್ತು?

ಶೆಟ್ಟಿ: ಹ್ಞೂಂ.

ಮಾಲಿನಿ: ಕನ್ನಡಕ ಹಾಕಿರಲಿಲ್ಲ?

ಶೆಟ್ಟಿ: ...ಇರಲಿಲ್ಲ ತಾಯಿ.

ಮಾಲಿನಿ: ಆರು, ಗೌಡ್ರು ಮತ್ತೆ ಮಾಡೋದು. ಹೊತ್ತಾಯ್ತು ಅಂತ ಇದನ್ನೇ ಬಿಡ್ತಾರೆ, ಕೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂಗಾಗುತ್ತೆ. ಇನ್ನೊಂದು, ಹತ್ತು ತಪ್ಪು ಕಂಡ್ರೂ ಹೇಳೋದು ಒಂದೇ.

ರಾಯರು: ಒಂದೇ ತಪ್ಪು ಹೇಳೋದು ನಮ್ಮ ಸೀನಿಯರುಗಳಿಗೆ ಪ್ರಾಣಸಂಕಟ!

ಶೆಟ್ಟಿ: ಇಷ್ಟೆಲ್ಲ ಕಲಿತವರಿಗೆ ಬಹುಮಾನ?

ಮಾಲಿನಿ: ಚೀಲ. ಗೌನು ತುಂಬಿಕೊಳ್ಳೋಕೆ ಎಲ್ಲರೂ ನೀಲಿ ಚೀಲದಿಂದ ಶುರು ಮಾಡೋದು. ದೊಡ್ಡ ಕೇಸಲ್ಲಿ ಜೂನಿಯರ್ ಚೆನ್ನಾಗಿ ದುಡಿದ್ರೆ, ಕೇಸು ನಡೆಸಿದ ಕಿಂಗ್ಸ್ ಕೌನ್ಸೆಲ್, ಅಂದ್ರೆ ಹಿರಿಯ ಪದವಿಯ ಬ್ಯಾರಿಸ್ಟರು, ಕೆಂಪು ಚೀಲ ಕೊಡ್ತಾರೆ, ಮೇಲೆ ಜೂನಿಯರ್ ಹೆಸರಿನ ಅಕ್ಷರಗಳ ಕಸೂತಿ.

ಶೆಟ್ಟಿ: ದರ್ಜಿ ಹತ್ರ ನಾನೇ ಕೆಂಪಗೊಂದು ಹೊಲಿಸಿಕೊಂಡ್ರೆ?

ಮಾಲಿನಿ: 'ಯಾರು ಕೊಟ್ಟಿದ್ದು?' ಅಂತ ಕೇಳ್ತಾರೆ.

ಗೌಡ್ರು: ಪ್ರಶ್ನೆಗೊಂದೇ ಸಂಗತಿ. ಶೆಟ್ರೇ, 'ಇಲ್ಲ' ಅನ್ನೋಕೂ ಆಗಲ್ಲ!