ವಾಡೇದ ಮಂದಿ ಗುಂಪು: 4,000 ರೂಪಾಯಿ ಫಾರ್ವರ್ಡು

ಗೋಕಾಕ ಮಾಮಾ: (ಬಹಳ ಸಲ ಫಾರ್ವರ್ಡ್ ಆಗಿದೆ) 🚨 ಸಿಹಿ ಸುದ್ದಿ!! ಗಂಡನಿಲ್ಲದ ಎಲ್ಲಾ ತಾಯಂದಿರಿಗೆ ಪ್ರತಿ ಮಗುವಿಗೆ ತಿಂಗಳಿಗೆ 4,000 ರೂ.!! ಇವತ್ತೇ ಕೊನೆಯ ದಿನ. ಲಿಂಕ್ ಒತ್ತಿ 249 ರೂ. ನೋಂದಣಿ ಶುಲ್ಕ ತುಂಬಿ. 10 ಗುಂಪಿಗೆ ಕಳಿಸಿ 🙏

ಗೋಕಾಕ ಮಾಮಾ: ಗಂಡನ ಮನಿ ಬಿಟ್ಟು ಕೂಸಿನ ಜತೀಗೆ ತವರಿನ್ಯಾಗ ಇರೂ ನಮ್ಮ ಮುಧೋಳ ಹುಡುಗೀಗೆ ಉಪಯೋಗ ಆಗಲಿ ಅಂತ ಹಾಕೇನಿ.

ಪುಣೆ ತಮ್ಮ: ಮಾಮಾ, ಸೋರ್ಸ್ ಎಲ್ಲಿ? ಲಿಂಕಿನ್ಯಾಗ ಗವ್ ಡಾಟ್ ಇನ್ ಇಲ್ಲ.

ದೊಡ್ಡಪ್ಪ: ಹಿಂಗ ಪುಕ್ಕಟೆ ರೊಕ್ಕ ಹಂಚಿದ್ರ ಯಾವ ಹುಡುಗಿ ಗಂಡನ ಮನ್ಯಾಗ ತಡಕೊಂಡು ಬಾಳೇವು ಮಾಡ್ತಾಳ? ಹೆಣ್ಣಿಗೆ ತಾಳ್ಮಿ ಇರಬೇಕು.

ಪುಣೆ ತಮ್ಮ: ದೊಡ್ಡಪ್ಪಾ, ನಾ ಕೇಳಿದ್ದು ಲಿಂಕಿಂದು.

ಗೋಕಾಕ ಮಾಮಾ: ಎಲ್ಲಾದಕ್ಕೂ ಸೋರ್ಸ್ ಕೇಳಾವ ನೀ. ಮದುವ್ಯಾಗ ಆಹೇರಿ ಪಟ್ಟಿ ಕೇಳಿದಾಗ ಎಲ್ಲಿ ಅಡಗಿದ್ದಿ?

ಅಂಗನವಾಡಿ ಅತ್ತಿ: ಆಹೇರಿ ಆಮ್ಯಾಲ. ಲಿಂಕ್ ಯಾರೂ ಒತ್ತಬ್ಯಾಡ್ರಿ. 4,000 ಖರೇ, ಉಳಿದದ್ದು ಸುಳ್ಳು. ಅದು ಮಿಷನ್ ವಾತ್ಸಲ್ಯ ಅನ್ನೂ ಸರಕಾರಿ ಮಕ್ಕಳ ರಕ್ಷಣಾ ಯೋಜನೇದ ಪ್ರಾಯೋಜಕತ್ವ, ಅಂದ್ರ ಮಗುವಿಗೆ ತಿಂಗಳಾ ಕೊಡೂ ನೆರವು. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟಾಕಿ, ಇಂಥ ತಾಯಿ ಕಡೆ ಬೆಳಿಯೂ ಮಗುವಿಗೆ 18 ವರ್ಷದ ತನಕ. ಹಳ್ಳ್ಯಾಗ ವರ್ಷದ ಆದಾಯ 72,000, ಪ್ಯಾಟ್ಯಾಗ 96,000 ದಾಟಬಾರದು. ಅರ್ಜಿ ಬಾಗಲಕೋಟೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕ. ಫೀ ಒಂದು ಪೈಸಾ ಇಲ್ಲ. ಮನೀಗೆ ಬಂದು ನೋಡಿ ವರದಿ ಬರೀತಾರ, ಸಮಿತಿ ಒಪ್ಪಬೇಕು, ಅನುದಾನ ಇರಬೇಕು. ಅರ್ಜಿ ಕೊಟ್ಟವರಿಗೆಲ್ಲಾ ಸಿಗತೈತಿ ಅಂತಲ್ಲ.

ಗೋಕಾಕ ಮಾಮಾ: ಅಂದ್ರ ನಾ ಹೇಳಿದ್ದು ಖರೇನ ಆತಲ್ಲ 😎

ಪುಣೆ ತಮ್ಮ: 249 ತುಂಬೀರೇನು?

ಗೋಕಾಕ ಮಾಮಾ: ಅದು ಬ್ಯಾರೆ ವಿಷಯ.

ದೊಡ್ಡಪ್ಪ: ಮನಸ್ವಿನಿ ಪಿಂಚಣಿ ಐತಿ, ವಿಧವಾ ವೇತನ ಐತಿ. ಅವು ಸಾಲೂದಿಲ್ಲೇನು?

ವಕೀಲ ವೈನಿ: ಮಾವಾರ, ಮನಸ್ವಿನಿ 40ರಿಂದ 64 ವಯಸ್ಸಿನ ಅವಿವಾಹಿತ, ವಿಚ್ಛೇದಿತ ಹೆಂಗಸರಿಗೆ. ಅಕಿಗೆ 22. ಗಂಡ ಜೀವಂತ ಅದಾನ, ವಿಧವಾ ವೇತನಾನೂ ಇಲ್ಲ. ಅಕಿಗೆ ಮೊದಲ ಬೇಕಾದದ್ದು ಜೀವನಾಂಶ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144. ಅಕಿ ಈಗ ಇರೂ ಊರಿನ ಕೋರ್ಟಿನ್ಯಾಗ ಹಾಕಬಹುದು, ಗಂಡನ ಊರಿಗೆ ಅಡ್ಡಾಡೂದು ಬ್ಯಾಡ. ಅರ್ಜಿ ಜತೀಗೆ ಮಧ್ಯಂತರ ಜೀವನಾಂಶಾನೂ ಕೇಳಬೇಕು, ಅದು ಆದಷ್ಟು ಮಟ್ಟಿಗೆ ನೋಟಿಸ್ ಮುಟ್ಟಿದ 60 ದಿನದಾಗ ತೀರ್ಮಾನ ಆಗಬೇಕು ಅಂತ ಕಾನೂನು ಹೇಳತೈತಿ. ಭಾಳ ಮಂದಿ ಮಧ್ಯಂತರ ಕೇಳೂದು ಮರೀತಾರ, ಆಮ್ಯಾಲ ವರ್ಷಗಟ್ಟಲೆ ಕೈ ಖಾಲಿ. ವಕೀಲರ ಫೀ ಬಗ್ಗೆ ಚಿಂತಿ ಬ್ಯಾಡ. ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಣುಮಕ್ಕಳಿಗೆ ಆದಾಯ ನೋಡೂದಿಲ್ಲ, ಪುಕ್ಕಟೆ ವಕೀಲರನ್ನ ಕೊಡ್ತಾರ. 15100ಕ್ಕ ಫೋನ್ ಹಚ್ಚಬಹುದು.

ದೊಡ್ಡಪ್ಪ: ಕೋರ್ಟು ಕಚೇರಿ ಅಂದ್ರ ಮನಿತನದ ಮರ್ಯಾದಿ...

ವಕೀಲ ವೈನಿ: ಹೊಲದ ಬದುವಿಗೆ ಕೋರ್ಟ್ ಹತ್ತಿದಾಗ ಮರ್ಯಾದಿ ಎಲ್ಲಿತ್ರಿ?

ಗೋಕಾಕ ಮಾಮಾ: 🤐

ಬ್ಯಾಂಕ್ ಕಾಕಾ: ಗೃಹಲಕ್ಷ್ಮಿ 2,000 ಬಗ್ಗೆ ಒಂದು ಮಾತು. ಅದು ರೇಷನ್ ಕಾರ್ಡಿನ ಯಜಮಾನಿಗೆ. ಹುಡುಗಿ ಹೆಸರು ಇನ್ನೂ ಅತ್ತೀ ಮನಿ ಕಾರ್ಡಿನ್ಯಾಗ ಇದ್ರ ಮೊದಲ ಅಲ್ಲಿಂದ ತಗಿಸಬೇಕು. ತವರಿನ ಕಾರ್ಡಿಗೆ ಸೇರಿದ್ರೂ ಅಲ್ಲಿ ಯಜಮಾನಿ ಅವ್ವ. ಇನ್ನೊಂದು, ಸರಕಾರದ ರೊಕ್ಕ ಆಧಾರ್‌ಗೆ ಕೊನೀಗೆ ಜೋಡಿಸಿದ ಖಾತೇಕ್ಕ ಹೋಗತೈತಿ. ಅದು ಗಂಡನ ಜತೀಗಿನ ಜಂಟಿ ಖಾತಿ ಇದ್ರ? ರೊಕ್ಕ ಬರತೈತಿ, ಅಕಿ ಕೈಗೆ ಹತ್ತೂದಿಲ್ಲ. ಅಕಿ ಒಬ್ಬಾಕಿ ಹೆಸರಿಗೆ ಖಾತಿ, ಅಕಿ ಮೊಬೈಲ್ ನಂಬರು. ಅಪ್ಪಂದಲ್ಲ, ಅಣ್ಣಂದಲ್ಲ. ಓಟಿಪಿ ಯಾರ ಫೋನಿಗೆ ಬರತೈತಿ, ರೊಕ್ಕ ಅವರದು.

ಹುಬ್ಬಳ್ಳಿ ಅಕ್ಕ: ಇಷ್ಟೆಲ್ಲಾ ಎದಕ್ಕರೆ. ವಾಡೇದಾಗ ಆಯಿ ಇದ್ದಾಗ ಯಾವ ಕೂಸಿಗೂ ಅಪ್ಪ ಯಾರು ಅಂತ ಯಾರೂ ಕೇಳತಿದ್ದಿಲ್ಲ. ಬಾಳಗುಟ್ಟಿ (ಕೂಸಿಗೆ ನೆಕ್ಕಿಸೂ ಬೇರು-ಕಾಯಿ ಮದ್ದು) ತೇದು, ಎಣ್ಣಿ ಹಚ್ಚಿ ಎರೆದು, ತೊಟ್ಟಿಲಿಗೆ ಹಾಕಿ... ಹಿತ್ತಲ ಕವಳಿ ಹಣ್ಣು ನೆನಪೈತೇನು ಯಾರಿಗರೆ?

ಗೋಕಾಕ ಮಾಮಾ: ಕವಳಿ ಅಲ್ಲ, ಕಾರಿ ಹಣ್ಣು.

ಹುಬ್ಬಳ್ಳಿ ಅಕ್ಕ: ಕವಳಿ!! ಫೋಟೋ ಕಳಿಸಲೇನು?

ಅಂಗನವಾಡಿ ಅತ್ತಿ: ಆಯಿ ಎಲ್ಲಾ ಮಾಡಿದ್ಳು, ಅದಕ್ಕ ನಮ್ಮ ಅವ್ವಗಳಿಗೆ ಕೂಸಿನ ಅಳು ಹಸಿವಿಂದೋ ನಿದ್ದೀದೋ ಅನ್ನೂದು ತಡಾಗಿ ತಿಳೀತು. ಮುಧೋಳದಾಗೂ ಅದ ನಡದೈತಿ. ಕೂಸು ಅತ್ತ ಕೂಡ್ಲೆ ನಾಕ ಕೈ ಎತ್ತಾವ, ತಾಯಿ ಬಾಣಲಿ ತೊಳೀತಾಳ. ಹಂಗ ಮಾಡಬ್ಯಾಡ್ರಿ. ಪಾತ್ರಿ ನೀವು ತೊಳೀರಿ, ಕೂಸು ಅಕಿ ಕೈಯಾಗ ಬಿಡ್ರಿ. ಲಸಿಕಿಗೆ ಅಕೀನ ಹೋಗಲಿ, ತಾಯಿ ಕಾರ್ಡು ಅಕಿ ಕೈಯಾಗ ಇರಲಿ, ನರ್ಸ್ ಕೇಳಿದ್ದಕ್ಕ ಅಕೀನ ಉತ್ತರ ಕೊಡಲಿ. ನೀವು ಹೊರಗಿನ ಬೆಂಚಿನ ಮ್ಯಾಲ ಕುಂದರ್ರಿ.

ಅಂಗನವಾಡಿ ಅತ್ತಿ: ಊಟಾನೂ ಹೇಳ್ತೀನಿ. ಕೂಸಿಗೆ 11 ತಿಂಗಳು. ಎದಿಹಾಲಿನ ಜತೀಗೆ ದಿನಕ್ಕ 3-4 ಸಲ ಊಟ, ಒಂದ ಸಲಕ್ಕ ಅರ್ಧ ವಾಟಿ (250 ಮಿ.ಲೀ. ವಾಟಿ). ಹೆಸರಬ್ಯಾಳಿ ಕಿಚಡಿ ಗಟ್ಟಿಗೆ ಕಿವುಚಿ, ಮ್ಯಾಲೊಂದು ಚಮಚ ತುಪ್ಪ. ಚಮಚ ಓರೆ ಮಾಡಿದ್ರ ಸುರೀಬಾರದು, ಅಷ್ಟು ಗಟ್ಟಿ. ಸಾರಿನ ತಿಳಿ ಕುಡಿಸಿದ್ರ ಹೊಟ್ಟಿ ತುಂಬತೈತಿ, ತೂಕ ಏರೂದಿಲ್ಲ. ಜೇನುತುಪ್ಪ ವರ್ಷ ತುಂಬೂತನಕ ಬ್ಯಾಡ. ಅಕ್ಕಾ, ಬಾಳಗುಟ್ಟೀನೂ ಬ್ಯಾಡ.

ಹುಬ್ಬಳ್ಳಿ ಅಕ್ಕ: ನಮ್ಮನ್ನೆಲ್ಲಾ ಅದ ತಿನಿಸಿ ಬೆಳಿಸ್ಯಾರಲ್ಲ!

ಪುಣೆ ತಮ್ಮ: ಇದಕ್ಕ ಸೋರ್ಸ್...

ಅಂಗನವಾಡಿ ಅತ್ತಿ: ಅಂಗನವಾಡಿಗೆ ಬಾ, ಕೈಗೆ ಕೊಡ್ತೀನಿ.

ದೊಡ್ಡಪ್ಪ: ನಾವು ಅಕಿಗೆ ಏನು ಕಡಿಮಿ ಮಾಡೇವಿ? ಆಧಾರ, ಪಾಸ್‌ಬುಕ್, ಕೂಸಿನ ಜನನ ಪ್ರಮಾಣಪತ್ರ ಎಲ್ಲಾ ಜ್ವಾಪಾನ ನಮ್ಮ ತಿಜೋರ್ಯಾಗ ಇಟ್ಟೇನಿ.

ವಕೀಲ ವೈನಿ: 🙂

ಮುಧೋಳ ತಂಗಿ: ದೊಡ್ಡಪ್ಪಾ, ಸೋಮವಾರ ನಾಡಕಚೇರಿಗೆ ಹೋಗಿ ನನ್ನ ಹೆಸರಿಗೆ ಆದಾಯ ಪ್ರಮಾಣಪತ್ರಕ್ಕ ಅರ್ಜಿ ಹಾಕಾಕಿದೀನಿ. ಕಾಗದ ಎಲ್ಲಾ ಬೇಕು. ನಾಳಿ ಮುಂಜಾನಿ ಬಸ್ಸಿಗೆ ಬರ್ತೀನಿ.

ಗೋಕಾಕ ಮಾಮಾ: ಶಾಣ್ಯಾ ಹುಡುಗಿ 👏 ನಾ ಹಾಕಿದ ಫಾರ್ವರ್ಡಿಂದ!

ದೊಡ್ಡಪ್ಪ: ಕೀಲಿ ನನ್ನ ಕಡೆ ಇಲ್ಲವಾ. ನಿಮ್ಮ ದೊಡ್ಡವ್ವನ ಕಡೆ ಐತಿ.

ದೊಡ್ಡವ್ವ: ಐತಿ. ಬಾ.