ಉಬುಂಟು ಹಾಕುವಾಗ ಎಸ್‌ಎಸ್‌ಡಿ ಕಾಣವಲ್ದು

ಪ್ರಶ್ನೆ (ರಾಯಚೂರು): ವಿಂಡೋಸ್ 11 ಇರೋ ಲ್ಯಾಪ್‌ಟಾಪ್‌ಗೆ ಉಬುಂಟು (ಲಿನಕ್ಸ್ ಓಎಸ್) ಹಾಕಾಕತ್ತೀನ್ರಿ. ಪೆನ್‌ಡ್ರೈವ್ ಬೂಟ್ ಆಗ್ತದ, ಆದ್ರ ಇನ್‌ಸ್ಟಾಲರ್‌ದಾಗ ಎಸ್‌ಎಸ್‌ಡಿನೇ (ಡೇಟಾ ಇಡೋ ಡಿಸ್ಕ್) ಇಲ್ಲ. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇದ್ದದ್ದನ್ನಷ್ಟೇ ಬೂಟ್ ಆಗಾಕ ಬಿಡೋ ಸೆಟ್ಟಿಂಗ್) ತೆಗೀಬೇಕೇನ್ರಿ?

ಉತ್ತರ (ಗಂಗಾವತಿ): ಅದನ್ನ ಮುಟ್ಟಬ್ಯಾಡ್ರಿ, ಉಬುಂಟುವಿನ ಶಿಮ್‌ಗೆ (ಮೊದ್ಲು ಓಡೋ ಸಣ್ಣ ಬೂಟ್ ಪ್ರೋಗ್ರಾಂ) ಮೈಕ್ರೋಸಾಫ್ಟ್ ಸಹಿನೇ ಅದ. ಇಂಟೆಲ್ ಪ್ರೊಸೆಸರ್ ಆದ್ರ ಬಯೋಸ್‌ನಾಗ (ಆನ್ ಮಾಡಿದ ಕೂಡ್ಲೆ ತೆಗಿಯೋ ಸೆಟ್ಟಿಂಗ್ ಪರದೆ) ವಿಎಂಡಿ ಇಲ್ಲಾ ಆರ್‌ಎಸ್‌ಟಿ (ಇಂಟೆಲ್‌ದ ಡಿಸ್ಕ್ ಮೋಡ್) ಆನ್ ಇರ್ತದ, ಅದಕ್ಕ ಎಸ್‌ಎಸ್‌ಡಿ ಕಾಣಂಗಿಲ್ಲ, ನೋಡ್ರಿ. ಅದನ್ನ ಸೀದಾ ಎಎಚ್‌ಸಿಐ (ಸಾಮಾನ್ಯ ಡಿಸ್ಕ್ ಮೋಡ್) ಮಾಡಿದ್ರ ವಿಂಡೋಸ್ ಏಳಂಗಿಲ್ಲ. ಮೊದ್ಲು ವಿಂಡೋಸ್‌ದ ಎಂಎಸ್‌ಕಾನ್ಫಿಗ್‌ದಾಗ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಹೊತ್ತಿಗೆ ಬಯೋಸ್‌ಗೆ ಹೋಗಿ ಎಎಚ್‌ಸಿಐಗೆ ಬದಲಿಸ್ರಿ. ವಿಂಡೋಸ್ ಒಮ್ಮೆ ಎದ್ದ ಮ್ಯಾಲ ಟಿಕ್ ತೆಗೀರಿ.

ಉತ್ತರ (ಬಳ್ಳಾರಿ): ಅದಕ್ಕೂ ಮೊದ್ಲು ಬಿಟ್‌ಲಾಕರ್‌ದ (ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) 48 ಅಂಕಿ ರಿಕವರಿ ಕೀ ಹಾಳಿ ಮ್ಯಾಲ ಬರ್ಕೋರಿ, ನಡುವ ಕೇಳ್ತದ.

ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ರ, ಅದರ ಡ್ರೈವರ್ ಜೊತಿಗೆ ಉಬುಂಟು ಹಾಕಿದ ಮ್ಯಾಲ ಮುಂದಿನ ಬೂಟ್‌ಗೆ ನೀಲಿ ಪರದೆ ಬರಬಹುದು: ‘ಎನ್‌ರೋಲ್ ಎಂಒಕೆ’ (ಡ್ರೈವರ್‌ದ ಸಹಿ ಕೀ ನೋಂದಣಿ) ಒತ್ತಿ, ಇನ್‌ಸ್ಟಾಲ್ ಹೊತ್ತಿಗೆ ನೀವ್ ಇಟ್ಟ ಪಾಸ್‌ವರ್ಡ್ ಹಾಕ್ರಿ. 10 ಸೆಕೆಂಡು ಸುಮ್ನಿದ್ರ ಪರದೆ ಹೋಗ್ತದ, ಡ್ರೈವರ್ ಲೋಡ್ ಆಗಂಗಿಲ್ಲ.