ನೀರಿನ ವಿಷಯದಲ್ಲಿ ಎರಡು ರಾಜ್ಯ ಕೂಡಿದರೆ ಜನರಿಗೆ ಏನಾಗುತ್ತದೆ ಅಂತ ಹೇಗೆ ಹೇಳೋದು?

ಅಥಣಿ ಹುಡುಗಿ, ಕೋಥ್ರೂಡ್:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ನಮ್ಮ ಸೊಸೈಟಿಯ ಗಣಪತಿ ಹಬ್ಬದಲ್ಲಿ ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಕೃಷ್ಣಾ, ಭೀಮಾ ನೀರಿನ ಬಗ್ಗೆ ಮಹಾರಾಷ್ಟ್ರ, ಕರ್ನಾಟಕ ಕೂಡಿ ನಡೆದರೆ ಹೊಳೆ ದಂಡೆಯ ಜನರಿಗೆ ಏನು ಉಳಿಯುತ್ತದೆ ಅಂತ ಮಾತಾಡಬೇಕು. ಕೇಳೋರಲ್ಲಿ ಜಾಸ್ತಿ ಮರಾಠಿಯವರು. ಮನೆಯಲ್ಲಿ ಒಮ್ಮೆ ಹೇಳಿ ನೋಡಿದೆ. ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ, ಮಹಾರಾಷ್ಟ್ರಕ್ಕೆ 560 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಕರ್ನಾಟಕಕ್ಕೆ 700 ಅನ್ನೋಷ್ಟರಲ್ಲಿ ಮಕ್ಕಳು ಎದ್ದು ಹೋದರು. ಜಗಳವಾದರೆ ರಸ್ತೆಯಲ್ಲಿ ಟೈರ್ ಸುಟ್ಟ ಫೋಟೊ ಸಿಗುತ್ತದೆ. ಆದರೆ ಮೇಲಿನ ಊರಿಂದ ಹೊತ್ತಿಗೆ ಸರಿಯಾಗಿ ಸುದ್ದಿ ಬಂದು, ಕೆಳಗಿನ ಊರು ಖಾಲಿಯಾಗಿ, ಯಾರೂ ಸಾಯದೇ ಇದ್ದರೆ ಅದಕ್ಕೆ ಫೋಟೊ ಎಲ್ಲಿಂದ ತರಲಿ?

ಭೀಮಾತೀರದವ, ಹಡಪ್ಸರ್:
ಅಕ್ಕಾ, ಟಿಎಂಸಿ ಬಿಡಿ, ಕೊಡದ ಲೆಕ್ಕ ಹೇಳಿ. 1 ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್, ಹೆಚ್ಚು ಕಡಿಮೆ ಎರಡು ಕೊಡ. 1 ಲಕ್ಷ ಕ್ಯೂಸೆಕ್ ಬಿಟ್ಟರು ಅಂದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಎರಡು ಲಕ್ಷ ಕೊಡ ನೀರು.

ಶುರು ಮಾತ್ರ ಭಿಡೆ ಪೂಲ್‌ನಿಂದ ಮಾಡಿ. ಖಡಕ್ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ಸೇತುವೆ ಮುಳುಗೋದನ್ನು ಪುಣೆಯಲ್ಲಿ ನೋಡದವರಿಲ್ಲ. ನಾಲ್ಕು ದಿನ ಸುತ್ತು ಹಾಕಿ ಆಫೀಸಿಗೆ ಹೋಗುತ್ತಾರೆ, ಮರೆಯುತ್ತಾರೆ. ಆ ನೀರು ಪುಣೆಯ ಮುಠಾ ಹೊಳೆಯಿಂದ ಭೀಮೆಗೆ, ಅಲ್ಲಿಂದ ಉಜನಿ ಅಣೆಕಟ್ಟಿಗೆ, ಉಜನಿ ತುಂಬಿದರೆ ನಮ್ಮ ಅಫಜಲಪುರದ ಕಡೆಗೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಊರೊಳಗೆ ಬಂದಾಗ ರಾತ್ರಿ ಡಂಗುರ ಸಾರಿದ್ದರು. ಅವ್ವ ಮೊದಲು ಮಾಳಿಗೆಗೆ ಹೊತ್ತಿದ್ದು ಬೀಜದ ಜೋಳ. ಪಾತ್ರೆ, ಹಾಸಿಗೆ ಎಲ್ಲ ಆಮೇಲೆ. ಬೀಜ ಉಳಿದಿದ್ದಕ್ಕೆ ಆ ಹಿಂಗಾರಿಗೆ ಸಾಲ ಮಾಡದೆ ಬಿತ್ತಿದೆವು.

ನಿವೃತ್ತ ಮೇಷ್ಟ್ರು, ಪಿಂಪ್ರಿ:
ಚೆನ್ನಾಗಿದೆ, ಆದರೆ ಬರೀ ಸಿಹಿ ಹೇಳಬೇಡಿ ತಾಯಿ. ಕೇಳೋರಲ್ಲಿ ಆಲಮಟ್ಟಿಗಿಂತ ಮೇಲೆ ಕೃಷ್ಣೆಯ ದಂಡೆಯಲ್ಲಿರುವ ಸಾಂಗ್ಲಿಯವರು ಇದ್ದೇ ಇರುತ್ತಾರೆ. 2019ರ ಆಗಸ್ಟ್‌ನಲ್ಲಿ ಮನೆ ಮುಳುಗಿದ್ದು ಕರ್ನಾಟಕದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಅಂತ ಅವರಲ್ಲಿ ಎಷ್ಟೋ ಜನ ಇವತ್ತೂ ನಂಬಿದ್ದಾರೆ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ ಅದು ಕಾರಣವಲ್ಲ ಅಂದಿತು. ಆದರೂ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ಅವರ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ವರದಿ ಓದಿ ಹೇಳಿದರೆ ಆ ಸಂಕಟ ಹೋಗೋದಿಲ್ಲ. ಮೊದಲು ಅವರ ಕಥೆ ಕೇಳಿ, ಆಮೇಲೆ ನಿಮ್ಮದು ಹೇಳಿ.

ನಾವು ಕೊಡೋದೂ ಇದೆ, ಅದನ್ನೂ ಸೇರಿಸಿ. ಬೇಸಿಗೆಯಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿ ಅಂತ ಕರ್ನಾಟಕ ಕೇಳುತ್ತದೆ. ಅತ್ತ ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿಗೆ ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು 2022ರಲ್ಲಿ ಹೋಯಿತು. ದೊಡ್ಡ ಹೊಳೆಗಳ ಕಥೆಯೂ ಇದೇ. ಬ್ರಹ್ಮಪುತ್ರೆಯ ಮಳೆಗಾಲದ ನೀರಿನ ಲೆಕ್ಕ ಚೀನಾ ನಮಗೆ ಕೊಡುತ್ತಿತ್ತು. ಡೋಕ್ಲಾಮ್ ಗಡಿ ತಕರಾರಿನ 2017ರಲ್ಲಿ ಆ ಲೆಕ್ಕ ಬರಲಿಲ್ಲ. ಕಾಗದದ ಮೇಲೆ ಅದು ಬರೀ ಅಂಕಿ. ಅಸ್ಸಾಮಿನ ದಂಡೆಯವನಿಗೆ ಅದು ದನ ಬಿಚ್ಚುವ ಹೊತ್ತು.

ಕುಡಚಿ ಕಡೆಯವ, ವಾಕಡ್:
ಮೇಷ್ಟ್ರು ದನದ ಮಾತು ಎತ್ತಿದ್ದಕ್ಕೆ ಬರೀತಿದ್ದೀನಿ. 2019ರಲ್ಲಿ ಎಷ್ಟು ನೀರು ಬರುತ್ತದೆ, ಯಾವಾಗ ಬರುತ್ತದೆ ಅಂತ ನಮಗೆ ಯಾರೂ ಸರಿಯಾಗಿ ಹೇಳಲಿಲ್ಲ. ರಾತ್ರಿ ಕೊಟ್ಟಿಗೆಗೆ ನೀರು ಹೊಕ್ಕಿತು, ಕತ್ತಲಲ್ಲಿ ಕಣ್ಣಿ ಬಿಚ್ಚಲು ಆಗಲಿಲ್ಲ, ನೆಂದ ಹಗ್ಗದ ಗಂಟು ಕೈಗೆ ಬರಲೇ ಇಲ್ಲ. ಎರಡು ಎಮ್ಮೆ ಗೂಟದಲ್ಲೇ ಸತ್ತವು. ಅಪ್ಪ ಇವತ್ತಿಗೂ ಮಳೆಗಾಲದಲ್ಲಿ ರಾತ್ರಿ ಕಣ್ಣಿ ಮುಟ್ಟಿ ನೋಡಿ ಮಲಗುತ್ತಾರೆ.

2021ರ ಜುಲೈನಲ್ಲಿ ಮತ್ತೆ ಹೊಳೆ ಬಂತು. ಅಕ್ಕನನ್ನು ಹೊಳೆಯ ಮೇಲ್ಗಡೆ ಮಹಾರಾಷ್ಟ್ರದ ಶಿರೋಳಕ್ಕೆ ಕೊಟ್ಟಿದ್ದೇವೆ. ಅವಳು ಫೋನ್ ಮಾಡಿ, ಇಲ್ಲಿನ ರಾಜಾಪುರ ಬಂಧಾರದ (ಒಡ್ಡಿನ) ಮೇಲೆ ನೀರು ವಿಪರೀತ ಏರಿದೆ, ಇವತ್ತೇ ಹೊರಡಿ ಅಂದಳು. ದನ, ಕಾಳು, ಅಜ್ಜಿ ಎಲ್ಲ ಟ್ರ್ಯಾಕ್ಟರ್ ಹತ್ತಿದವು. ಒಂದು ಕೋಳಿ ಕೂಡ ಸಾಯಲಿಲ್ಲ. ಅದರ ಹಿಂದಿನ ತಿಂಗಳೇ ಆಗಿನ ನಮ್ಮ ಮುಖ್ಯಮಂತ್ರಿ ಯಡಿಯೂರಪ್ಪ ಮತ್ತು ಮಹಾರಾಷ್ಟ್ರದ ಆಗಿನ ಜಲಸಂಪನ್ಮೂಲ ಮಂತ್ರಿ ಜಯಂತ ಪಾಟೀಲ ಬೆಂಗಳೂರಲ್ಲಿ ಕೂತು, ಅಣೆಕಟ್ಟುಗಳಿಂದ ಬಿಡುವ ನೀರಿನ ಲೆಕ್ಕ ಆಗಿಂದಾಗ ಹಂಚಿಕೊಳ್ಳೋಣ ಅಂತ ಒಪ್ಪಿದ್ದರು. ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ತಿಳಿದಿದ್ದು ಅಕ್ಕನ ಫೋನಿನಿಂದ. ಎಲ್ಲರ ಮನೆಯವರಿಗೂ ಶಿರೋಳದಲ್ಲಿ ಅಕ್ಕ ಇರೋದಿಲ್ಲ ಅಲ್ವಾ?

ಅಥಣಿ ಹುಡುಗಿ, ಕೋಥ್ರೂಡ್:
ಓದಿ ಸುಮ್ನೆ ಕೂತುಬಿಟ್ಟೆ ಅಣ್ಣಾ. ಇದನ್ನೇ ಹೇಳುತ್ತೇನೆ, ಟಿಎಂಸಿ ಒಂದೂ ಬೇಡ. ಭಿಡೆ ಪೂಲ್‌ನಿಂದ ಶುರು, ಸಾಂಗ್ಲಿಯವರು ಯಾರಾದರೂ ಇದ್ದರೆ ಮೊದಲ ಐದು ನಿಮಿಷ ಅವರಿಗೆ. ಅಕ್ಕ ಎಷ್ಟು ಗಂಟೆಗೆ ಫೋನ್ ಮಾಡಿದ್ದರು, ನೀರು ಎಷ್ಟು ಹೊತ್ತಿಗೆ ಬಂತು, ನೆನಪಿದೆಯಾ?

ಕುಡಚಿ ಕಡೆಯವ, ವಾಕಡ್:
ಫೋನ್ ಬಂದಿದ್ದು ಮಧ್ಯಾಹ್ನ, ಊಟಕ್ಕೆ ಕೂತಿದ್ದರಂತೆ. ಹಿತ್ತಲಿಗೆ ನೀರು ಬಂದಿದ್ದು ಮರುದಿನ ನಸುಕಿನಲ್ಲಿ. ಬೇಕಾದರೆ ನಿಮ್ಮ ಭಾಷಣದ ದಿನ ಅಕ್ಕನನ್ನೇ ಫೋನಿನಲ್ಲಿ ಹಿಡಿಯೋಣ. ಅವಳ ಮರಾಠಿ ಈಗ ಅವಳ ಕನ್ನಡಕ್ಕಿಂತ ಚೆನ್ನಾಗಿದೆ.